ಇನ್ನೂರು ರೂಪಾಯಿ ದಂಡ ಯಾವಾಗ ಮುಗಿಯುತ್ತದೆ?

ಸುಲ್ತಾನ್ ಬಜಾರಿನಲ್ಲಿ ಮನೆ ಮಾಡಿ ಒಂಬತ್ತು ವರ್ಷವಾಯಿತು. ಆಫೀಸಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಗಚ್ಚಿಬೌಲಿ ಕಡೆ ಫ್ಲ್ಯಾಟ್ ನೋಡುವುದು ಬಿಟ್ಟು ಆ ಗದ್ದಲದಲ್ಲಿ ಏಕೆ ಇದ್ದೀಯ? ನನ್ನ ಉತ್ತರವೂ ಒಂದೇ. ಮೆಟ್ರೊದಲ್ಲಿ ಒಂದು ಸ್ಟೇಷನ್ ದಾಟಿದರೆ ಎಂಜಿಬಿಎಸ್ ಬಸ್ ನಿಲ್ದಾಣ. ಅಲ್ಲಿ ಸೇಡಂ, ಕಲಬುರಗಿ ಕಡೆಯ ಬಸ್ಸು. ಶುಕ್ರವಾರ ರಾತ್ರಿ ಹತ್ತಿದರೆ ಬೆಳಗಾಗುವ ಮೊದಲೇ ಊರು. ಆಚೆ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ಈಚೆ ಬಡಿ ಚೌಡಿಯಲ್ಲಿ ತರಕಾರಿ. ಇನ್ನೇನು ಬೇಕು?

ಇಲ್ಲಿರುವುದರಿಂದ ನಮ್ಮ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ಬಂದಾಗ ಮೊದಲು ಇಳಿಯುವುದು ನಮ್ಮ ಮನೆಯಲ್ಲೇ. ನಮ್ಮೂರಿನ ಪಕ್ಕದ ತಾಂಡಾದ ಹುಡುಗನೊಬ್ಬ ಹಾಗೆ ಬಂದವನು. ಅವನ ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ನಿಮಗೇ ಗೊತ್ತಾಗುತ್ತದೆ. ಬಿ.ಇ. ಮುಗಿಸಿ, ಕೋಠಿಯ ಗುಜರಾತಿ ಗಲ್ಲಿಯ ಒಂದು ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾ, ರಾತ್ರಿ ನನ್ನ ಲ್ಯಾಪ್‌ಟಾಪಿನಲ್ಲಿ ಜಾವಾ ಕಲಿಯುತ್ತಾ ಎರಡು ವರ್ಷ ಕಳೆದ. ಕೊನೆಗೆ ಒಂದು ಕಂಪನಿಯಲ್ಲಿ ಮೂರು ಸುತ್ತಿನ ಸಂದರ್ಶನ ಪಾಸಾಗಿ ಆಫರ್ ಲೆಟರ್ ಕೈಗೆ ಬಂತು. ನಾನೇ ರೆಫರ್ ಮಾಡಿದ್ದು. ಮನೆಯಲ್ಲಿ ಹೋಳಿಗೆ ಮಾಡಿದೆವು.

ಹದಿನೆಂಟು ದಿನಕ್ಕೆ ಫೋನ್ ಬಂತು. 'ಅಣ್ಣಾ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ದಾಗ ಏನೋ ರೆಡ್ ಬಂದದ ಅಂತ್ರಿ. ಆಫರ್ ವಾಪಸ್ ತಗೊಂಡಾರ.'

ಆ ಕೆಂಪು ಗುರುತಿನ ಹಿಂದಿನ ಕಥೆ ಇಷ್ಟು. 2019ರ ದೀಪಾವಳಿ. ತಾಂಡಾದಲ್ಲಿ ಹೆಣ್ಣುಮಕ್ಕಳು ಮನೆಮನೆಗೆ ಮೇರಾ ಹೇಳುತ್ತಾ ತಿರುಗುವ ಹೊತ್ತಿನಲ್ಲಿ ಹುಡುಗರು ಬೇವಿನ ಗಿಡದ ಕೆಳಗೆ ಇಸ್ಪೀಟು ಆಡುತ್ತಿದ್ದರು. ಪೊಲೀಸ್ ಜೀಪು ಬಂತು. ಏಳು ಜನ, ಕಣದಲ್ಲಿದ್ದ ಹಣ 1,140 ರೂಪಾಯಿ. ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ, ಅಂದರೆ ಬಯಲಿನಲ್ಲಿ ಜೂಜು. ಆಗ ಇವನಿಗೆ 20 ವರ್ಷ, ಕಾಲೇಜು ಹುಡುಗ. ಕೆಲವು ತಿಂಗಳ ಮೇಲೆ ಸಮನ್ಸ್ ಬಂದಾಗ ಏಳೂ ಜನ ಒಂದೇ ಟಂಟಂನಲ್ಲಿ ಕೋರ್ಟಿಗೆ ಹೋದರು. 'ತಪ್ಪು ಒಪ್ಕೊಂಡ್ರ ಇವತ್ತೇ ಮುಗೀತದ, ಇಲ್ಲಂದ್ರ ವರ್ಷಗಟ್ಟಲೆ ತಿರುಗಬೇಕು' ಎಂದು ಅಲ್ಲಿ ಯಾರೋ ಹೇಳಿದರು. ಒಪ್ಪಿಕೊಂಡರು. ತಲಾ 200 ರೂಪಾಯಿ ದಂಡ. ಕಟ್ಟಿ, ಹೊರಗೆ ಬಂದು ಚಹಾ ಕುಡಿದು, ಮನೆಗೆ ಹೋದರು.

ಕಂಪನಿಯ ಫಾರಂನಲ್ಲಿ 'ನೀವು ಎಂದಾದರೂ ಯಾವುದೇ ನ್ಯಾಯಾಲಯದಲ್ಲಿ ಶಿಕ್ಷೆಗೆ ಗುರಿಯಾಗಿದ್ದೀರಾ?' ಎಂಬ ಪ್ರಶ್ನೆ ಇತ್ತು. ಅವನು 'ಇಲ್ಲ' ಎಂದು ಟಿಕ್ ಮಾಡಿದ್ದ. ಸುಳ್ಳು ಹೇಳಬೇಕು ಅಂತಲ್ಲ. ಜೈಲಿಗೆ ಹೋದರೆ ಮಾತ್ರ ಶಿಕ್ಷೆ, ದಂಡ ಕಟ್ಟುವುದು ಸಿಗ್ನಲ್ ಹಾರಿದಾಗ ಚಲನ್ ಕಟ್ಟಿದ ಹಾಗೆ ಅಂದುಕೊಂಡಿದ್ದ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ಎಂ.ಟೆಕ್. ಓದಿದವನ ಕಾನೂನು ಜ್ಞಾನ ಅಷ್ಟೇ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಕಾನೂನಿನ ಲೆಕ್ಕದಲ್ಲಿ ಪೂರಾ ಅಪರಾಧ ನಿರ್ಣಯ ಎಂದು ವಕೀಲ ಗೆಳೆಯನೊಬ್ಬ ಬಿಡಿಸಿ ಹೇಳಿದ ಮೇಲೆಯೇ ತಿಳಿದದ್ದು. ಕಂಪನಿಗೆ ಇಸ್ಪೀಟಿನ ಬಗ್ಗೆ ಅಂಥ ತಕರಾರೇನೂ ಇರಲಿಲ್ಲವಂತೆ. 'ಮಾಹಿತಿ ಮುಚ್ಚಿಟ್ಟಿದ್ದಾರೆ' ಎಂಬುದೇ ದೊಡ್ಡದಾಯಿತು. ನಾನು ಎಚ್‌ಆರ್ ವಿಭಾಗಕ್ಕೆ ಎರಡು ಸಲ ಮೇಲ್ ಬರೆದೆ. 'ಪಾಲಿಸಿ' ಎಂಬ ಒಂದು ಪದದ ಉತ್ತರ ಬಂತು.

ಮುಂದಿನ ಸಲ ಊರಿಗೆ ಹೋದಾಗ ಹುಡುಗನ ಅಜ್ಜನನ್ನು ಕಂಡೆ. ಹಿಂದೆ ತಾಂಡಾದ ಕಾರಭಾರಿಯಾಗಿದ್ದವರು. ನಾನು ತಾಂಡಾದವನಲ್ಲ, ಆದರೆ ನಮ್ಮಪ್ಪ ಅಲ್ಲಿನ ಶಾಲೆಯಲ್ಲಿ ಮಾಸ್ತರರಾಗಿದ್ದರಿಂದ ಚಿಕ್ಕಂದಿನಿಂದ ಅವರನ್ನು ಮುತ್ಯಾ ಎಂದೇ ಕರೆಯುವುದು. ಲಂಬಾಣಿ ತಾಂಡಾದಲ್ಲಿ ನಾಯಕ, ಕಾರಭಾರಿ, ಡಾವ್ ಸೇರಿದಂತೆ ಹಿರಿಯರು ಕೂತು ನ್ಯಾಯ ಹೇಳುವ ಪದ್ಧತಿ ಇದೆ. ಅದನ್ನು ನಸಾಬ ಎನ್ನುತ್ತಾರೆ. ಜಗಳ, ಕಳವು, ಸಾಲ, ಓಡಿಹೋದ ಮದುವೆ, ಎಲ್ಲ ಅಲ್ಲೇ. ನಾನು ವಿಷಯ ಹೇಳಿದೆ. ಮುತ್ಯಾ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

'ತಮ್ಮಾ, ದಂಡ ಕಟ್ಟ್ಯಾನಿಲ್ಲೋ?'

'ಕಟ್ಟ್ಯಾನ ಮುತ್ಯಾ.'

'ಮತ್ತ? ನಮ್ಮ ನಸಾಬದಾಗ ದಂಡ ಕಟ್ಟಿ, ಬೆಲ್ಲ ಹಂಚಿದ ಮ್ಯಾಲ ಮಾತು ಮುಗೀತು. ಮುಂದ ಯಾರರೆ ಆ ಮಾತು ತೆಗದ್ರ, ತೆಗದವಗೇ ದಂಡ. ನಿಮ್ಮ ಕೋರ್ಟಿನಾಗ ಹಂಗಿಲ್ಲೇನು?'

ನನ್ನ ಬಳಿ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅದೇ ತಲೆಯಲ್ಲಿ ಕೊರೆಯಿತು. ಆಮೇಲೆ ಒಂದು ವರ್ಷ, ಬಿಡುವು ಸಿಕ್ಕಾಗಲೆಲ್ಲ ಇದರ ಬಗ್ಗೆ ಓದಿದೆ, ವಕೀಲ ಗೆಳೆಯನ ತಲೆ ತಿಂದೆ.

ತೆಲಂಗಾಣದ ಆದಿಲಾಬಾದಿನ ಗೊಂಡರಲ್ಲೂ ಇಂಥದೇ ವ್ಯವಸ್ಥೆ ಇದೆ. ಅಲ್ಲಿ ಇಂದಿಗೂ ರಾಯ್ ಸೆಂಟರ್‌ಗಳಿವೆ, ಸರ್ಮೇಡಿ ಎಂಬ ಹಿರಿಯನ ಮುಂದಾಳುತನದಲ್ಲಿ ಪಂಚಾಯಿತಿ ಕೂರುತ್ತದೆ. 1940ರಲ್ಲಿ ಜೋಡೇಘಾಟ್‌ನಲ್ಲಿ ಕುಮ್ರಂ ಭೀಮ್ ಹತನಾದ ಮೇಲೆ ನಿಜಾಮ್ ಸರ್ಕಾರ ಮಾನವಶಾಸ್ತ್ರಜ್ಞ ಫ್ಯೂರರ್-ಹೈಮೆನ್‌ಡಾರ್ಫ್ ಅವರನ್ನು ಕರೆಸಿ ಗೊಂಡರ ಸ್ಥಿತಿಗತಿ ಅಧ್ಯಯನ ಮಾಡಿಸಿತು. ಮುಂದೆ ಬಂದ ಬುಡಕಟ್ಟು ಪ್ರದೇಶಗಳ ನಿಯಮಗಳಲ್ಲಿ ಬುಡಕಟ್ಟು ಪಂಚಾಯಿತಿಗಳಿಗೆ ಸಣ್ಣಪುಟ್ಟ ವ್ಯಾಜ್ಯ ತೀರ್ಮಾನಿಸುವ ಅಧಿಕಾರವೂ ಬಂತು. ಗೊಂಡರಲ್ಲಿ ಕುಲದಿಂದ ಹೊರಗೆ ಹಾಕಿದವನನ್ನು ಒಳಗೆ ಕರೆದುಕೊಳ್ಳಲು ಒಂದು ಕ್ರಮ ಇದೆ. ದಂಡ ಕೊಟ್ಟು, ಕುಲದವರಿಗೆ ಊಟ ಹಾಕಬೇಕು. ಎಲ್ಲರೂ ಕೂತು ಉಂಡರೆ ಅವನು ಮತ್ತೆ ನಮ್ಮವನು. ಹೊರಗೆ ಹಾಕುವ ಬಾಗಿಲು ಇದ್ದ ಹಾಗೆ ಒಳಗೆ ಬರುವ ಬಾಗಿಲೂ ಇದೆ.

ಇದನ್ನೆಲ್ಲ ಬಣ್ಣ ಹಚ್ಚಿ ಹೇಳುವುದು ನನಗೆ ಬೇಡ. ಕುಲದ ಪಂಚಾಯಿತಿಗಳ ಕ್ರೌರ್ಯ ನಮಗೆ ಗೊತ್ತಿಲ್ಲದ್ದೇನಲ್ಲ. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಮುತ್ಯಾನ ತಾಂಡಾದಲ್ಲೂ ಒಂದು ಮನೆಯವರನ್ನು ಹನ್ನೆರಡು ವರ್ಷ ಮದುವೆ-ಮುಂಜಿಗೆ ಕರೆಯಲಿಲ್ಲ, ಮಗಳು ಬೇರೆ ಜಾತಿಯವನ ಜೊತೆ ಹೋದಳು ಎಂಬ ಕಾರಣಕ್ಕೆ. ಅದರ ಬಗ್ಗೆ ಕೇಳಿದಾಗ ಮುತ್ಯಾ, 'ಅದು ತಪ್ಪಾಯ್ತು, ತಮ್ಮಾ' ಎಂದರು, ಮಾತು ಬದಲಿಸಿದರು. ಆ ನಸಾಬದಲ್ಲಿ ಒಬ್ಬ ಹೆಣ್ಣುಮಗಳೂ ಕೂತಿರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಆದರೂ ಅವರ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ನಮ್ಮ ಕಡೆಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಇನ್ನೂ ಕೆಟ್ಟ ಉತ್ತರವೊಂದಿದೆ. ಅದರ ಒಂದು ಎಳೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದೆ. ಕೋಠಿಯ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿ ದೊಡ್ಡ ಕಂಬಗಳ ಕಟ್ಟಡ ಇದೆಯಲ್ಲ, ಅದು ಬ್ರಿಟಿಷ್ ರೆಸಿಡೆನ್ಸಿ. ಈ ಸುಲ್ತಾನ್ ಬಜಾರ್ ಆಗ ರೆಸಿಡೆನ್ಸಿ ಬಜಾರ್. ಇಲ್ಲಿ ನಡೆಯುತ್ತಿದ್ದುದು ನಿಜಾಮರ ಕಾನೂನಲ್ಲ, ರೆಸಿಡೆಂಟರದು. 1933ರಲ್ಲಿ ಬಜಾರು ನಿಜಾಮರ ಕೈಗೆ ಮರಳಿತು. ಅಲ್ಲಿಯವರೆಗೆ ರಸ್ತೆ ದಾಟಿದರೆ ಕೋರ್ಟು ಬದಲು! ಠಗ್ಗರನ್ನು ಹಿಡಿಯುವ ಕಾರ್ಯಾಚರಣೆ ನಿಜಾಮರ ಸೀಮೆಗೂ ಹಬ್ಬಿದ್ದ ಕಾಲ ಅದು. 1836ರ ಠಗ್ಗಿ ಕಾಯ್ದೆ ಏನು ಹೇಳಿತೆಂದರೆ, ಒಬ್ಬ ಇಂಥ ಕೊಲೆ ಮಾಡಿದ ಎಂದು ತೋರಿಸಬೇಕಾಗಿಲ್ಲ, ಠಗ್ಗರ ಗುಂಪಿಗೆ ಸೇರಿದವನು ಎಂದರೆ ಸಾಕು, ಜೀವಾವಧಿ. ಠಗ್ಗರ ಬಗ್ಗೆ 1839ರಲ್ಲಿ ಕಾದಂಬರಿ ಬರೆದ ಮೆಡೋಸ್ ಟೇಲರ್ ನಿಜಾಮರ ಸೇವೆಯಲ್ಲಿದ್ದವನು, ಮುಂದೆ ನಮ್ಮ ಸುರಪುರದ ಆಡಳಿತ ನೋಡಿಕೊಂಡವನು. ಸುರಪುರದವರಿಗೆ ಟೇಲರ್ ಮಂಜಿಲ್ ಗೊತ್ತಿರುತ್ತದೆ.

ಗುಂಪಿನಿಂದ ಮುಂದೆ ಇಡೀ ಸಮುದಾಯಕ್ಕೆ ಅದು ಹರಡಿದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ. ಹುಟ್ಟಿದ ಮಗುವೂ ಪಟ್ಟಿಯಲ್ಲಿ. ನಿಜಾಮರ ರಾಜ್ಯದಲ್ಲಿ ಲಂಬಾಣಿಗರೂ ಅಂಥ ಪಟ್ಟಿಗೆ ಸೇರಿದ್ದರು. ಮುಂಬೈ ಪ್ರಾಂತ್ಯದಲ್ಲಿ ವಿಜಯಪುರ, ಗದಗ, ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟುಗಳಾದವು. ಹಾಜರಿ, ಪಾಸು, ಬೇಲಿ. ಹುಬ್ಬಳ್ಳಿಯ ಗಂಗಾಧರ ನಗರಕ್ಕೆ ಜನ ಇಂದಿಗೂ 'ಸೆಟ್ಲ್‌ಮೆಂಟ್' ಅಂತಲೇ ಅನ್ನುತ್ತಾರೆ, ಆಟೋದವರಿಗೆ ಹಾಗೆ ಹೇಳಿದರೇ ತಿಳಿಯುತ್ತದೆ. 1924ರ ಕಾಯ್ದೆಯ 23ನೇ ಕಲಂ ಓದಿ ನಾನು ದಂಗಾದೆ. ಪಟ್ಟಿಯಲ್ಲಿರುವ ಸಮುದಾಯದವನಿಗೆ ನಿಗದಿತ ಅಪರಾಧಗಳಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಏಳು ವರ್ಷ, ಮೂರನೇ ಸಲವಾದರೆ ಜೀವಮಾನದ ಗಡೀಪಾರು. ಅದೇ ಕಳವು ಬೇರೆ ಜಾತಿಯವನು ಮಾಡಿದರೆ ಈ ಕನಿಷ್ಠ ಶಿಕ್ಷೆ ಇಲ್ಲ. ಹಳೆಯ ಶಿಕ್ಷೆ ಹೊಸ ಶಿಕ್ಷೆಯನ್ನು ಹೆರುತ್ತಿತ್ತು.

1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಅದಕ್ಕೇ ಅದು ವಿಮುಕ್ತ ದಿನ. ಆದರೆ ಒಂದೊಂದೇ ರಾಜ್ಯ ರೂಢಿಗತ ಅಪರಾಧಿಗಳ ಕಾಯ್ದೆ ಮಾಡಿಕೊಂಡಿತು, ಕರ್ನಾಟಕದ್ದು 1961ರದು. ಹೆಸರಿನಲ್ಲಿ ಜಾತಿ ಹೋಯಿತು, ಠಾಣೆಯ ರಿಜಿಸ್ಟರಿನಲ್ಲಿ ಉಳಿಯಿತು. ತೀರಾ ಇತ್ತೀಚೆಗೆ, 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಜೈಲುಗಳಲ್ಲಿನ ಜಾತಿ ಕಾಲಂ ತೆಗೆಯಲು ಹೇಳಿತು. 'ರೂಢಿಗತ ಅಪರಾಧಿ' ಎಂಬ ಮಾತು ವಿಮುಕ್ತ ಸಮುದಾಯಗಳ ಮೇಲೆ ಹೇಗೆ ಬೀಳುತ್ತಿದೆ ಎಂಬುದನ್ನೂ ಆ ತೀರ್ಪು ವಿವರವಾಗಿ ನೋಡಿತು.

ಈಗ ನನಗೆ ಸ್ವಲ್ಪ ಗೊತ್ತಿರುವ ವಿಷಯಕ್ಕೆ ಬರುತ್ತೇನೆ. ಇಂದಿನ ರಿಜಿಸ್ಟರು ಠಾಣೆಯಲ್ಲಿಲ್ಲ, ಸರ್ವರಿನಲ್ಲಿದೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪಕ್ಷಗಾರನ ಹೆಸರು ಹಾಕಿ ಪ್ರಕರಣ ಹುಡುಕಬಹುದು. ಇದು ಒಳ್ಳೆಯದೇ, ನಮ್ಮಪ್ಪ ಹೊಲದ ಕೇಸಿನ ತಾರೀಖು ಮೊಬೈಲಿನಲ್ಲೇ ನೋಡುತ್ತಾರೆ. ಆದರೆ ಹಿನ್ನೆಲೆ ತಪಾಸಣೆಯ ಏಜೆನ್ಸಿಗಳೂ ಇದೇ ಬಗೆಯ ದಾಖಲೆಗಳನ್ನು ಜಾಲಾಡಿ, ಹೆಸರಿಗೆ ಹೆಸರು ಹೊಂದಿಸಿ ವರದಿ ಕೊಡುತ್ತವೆ. ಹೊಂದಿಸುವುದು ಹೇಗೆ? ಹೆಸರು, ತಂದೆಯ ಹೆಸರು, ಊರು, ಕೆಲವೊಮ್ಮೆ ವಯಸ್ಸು. ಲಂಬಾಣಿಗರಲ್ಲಿ ಅಡ್ಡಹೆಸರು ಎಷ್ಟಿವೆ? ರಾಠೋಡ, ಪವಾರ, ಚವ್ಹಾಣ, ಜಾಧವ, ಹೆಚ್ಚುಕಡಿಮೆ ಅಷ್ಟೇ. ಒಂದು ತಾಲ್ಲೂಕಿನಲ್ಲಿ ಅದೇ ಹೆಸರಿನ, ಅದೇ ಅಡ್ಡಹೆಸರಿನ ಎಷ್ಟು ಜನ ಇದ್ದಾರು ನೀವೇ ಊಹಿಸಿ. ಡೇಟಾಬೇಸ್ ಕೆಲಸ ಮಾಡುವ ಯಾರಿಗಾದರೂ ಇದರ ಅಪಾಯ ತಕ್ಷಣ ಹೊಳೆಯುತ್ತದೆ. ಇವನ ವಿಷಯದಲ್ಲಿ ಹೊಂದಾಣಿಕೆ ಸರಿಯಾಗಿಯೇ ಇತ್ತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಪ್ರಕರಣವೂ ಇತ್ತು, ಜೇವರ್ಗಿ ಕಡೆಯ ಯಾರೋ ಒಬ್ಬ ರಾಠೋಡನ ಹೊಡೆದಾಟದ್ದು. 'ಸಂಭಾವ್ಯ ಹೊಂದಿಕೆ' ಎಂದು ಬರೆದಿದ್ದರು. ಅದು ತನ್ನದಲ್ಲ ಎಂದು ತೋರಿಸುವ ಹೊಣೆ ಇವನ ಮೇಲೆ.

ಇನ್ನೊಂದು ಮಾತು. ನಾವು ಬರೆಯುವ ಸಿಸ್ಟಮ್‌ಗಳಲ್ಲಿ ಲಾಗ್ ಫೈಲಿಗೂ ಅವಧಿ ಇರುತ್ತದೆ. 90 ದಿನ, ಒಂದು ವರ್ಷ, ಏಳು ವರ್ಷ, ಆಮೇಲೆ ಡಿಲೀಟ್. ಅದನ್ನು ಅಳಿಸುವ ಪ್ರೋಗ್ರಾಂ ಬರೆದವರಲ್ಲಿ ನಾನೂ ಒಬ್ಬ. ಕಾನೂನಿಗೂ ಈ ಲೆಕ್ಕ ಗೊತ್ತಿಲ್ಲದ್ದೇನಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದ ರಾಜಕಾರಣಿ, ಬಿಡುಗಡೆಯಾಗಿ ಆರು ವರ್ಷ ಕಳೆದ ಮೇಲೆ ಚುನಾವಣೆಗೆ ನಿಲ್ಲಬಹುದು. ಜನಪ್ರಾತಿನಿಧ್ಯ ಕಾಯ್ದೆಯ 8ನೇ ಕಲಂ. ಪಾಸ್‌ಪೋರ್ಟ್ ಕಾಯ್ದೆ ಹಿಂದಿನ ಐದು ವರ್ಷದ ಗಂಭೀರ ಶಿಕ್ಷೆಯನ್ನಷ್ಟೇ ನೋಡುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಮಕ್ಕಳ ಹಳೆಯ ತಪ್ಪು ಮುಂದೆ ಅನರ್ಹತೆ ಆಗಬಾರದು ಎನ್ನುತ್ತದೆ, ತೀರಾ ಘೋರ ಅಪರಾಧ ಬಿಟ್ಟು. ಶಾಸಕನಿಗೆ ಅವಧಿ ಇದೆ, 200 ರೂಪಾಯಿ ದಂಡ ಕಟ್ಟಿದವನಿಗೆ ಇಲ್ಲ.

ಬ್ರಿಟನ್ನಿನಲ್ಲಿ 1974ರಿಂದ ಇದಕ್ಕೆಂದೇ ಕಾಯ್ದೆ ಇದೆ. ವಯಸ್ಕನಿಗೆ ಬರೀ ದಂಡ ಬಿದ್ದಿದ್ದರೆ ಒಂದು ವರ್ಷದ ನಂತರ ಆ ಶಿಕ್ಷೆ 'ತೀರಿದ್ದು'. ಸಾಮಾನ್ಯ ಕೆಲಸದ ಅರ್ಜಿಯಲ್ಲಿ ಅದನ್ನು ಹೇಳಬೇಕಾಗಿಲ್ಲ. ದುರುದ್ದೇಶದಿಂದ ಅದನ್ನು ಎತ್ತಿ ಪ್ರಕಟಿಸಿದವನ ಮೇಲೆ ಮಾನನಷ್ಟದ ದಾವೆಯೂ ನಿಲ್ಲುತ್ತದೆ. ಮುತ್ಯಾನ 'ತೆಗದವಗೇ ದಂಡ' ಇದೇ ಅಲ್ಲವೇ! ನಮ್ಮನ್ನು ಬುಡಕಟ್ಟು ಪಟ್ಟಿಗೆ ಸೇರಿಸಿದವರು ತಮ್ಮ ಊರಿನಲ್ಲಿ ತಾಂಡಾದ ನ್ಯಾಯ ಮಾಡಿಕೊಂಡರು ಎಂದು ನಗು ಬಂತು.

ಅಮೆರಿಕದಲ್ಲಿ ಮೂಲನಿವಾಸಿಗಳಿಗೆ ಅವರದೇ ಬುಡಕಟ್ಟು ಕೋರ್ಟುಗಳಿವೆ. ಅಲ್ಲಿ ಸಮಸ್ಯೆ ತಿರುಗುಮುರುಗು. ಒಂದು ವರ್ಷದೊಳಗಿನ ಶಿಕ್ಷೆಯಾದರೆ ಬಡ ಆರೋಪಿಗೆ ಆ ಕೋರ್ಟು ವಕೀಲನನ್ನು ಒದಗಿಸಲೇಬೇಕೆಂದಿಲ್ಲ. ವಕೀಲನಿಲ್ಲದೆ ಆದ ಅಂಥ ಶಿಕ್ಷೆಗಳನ್ನು ಮುಂದೆ ಫೆಡರಲ್ ಕೋರ್ಟು ಎಣಿಕೆಗೆ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ 2016ರಲ್ಲಿ ಬ್ರಯಾಂಟ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂತು. ತೆಗೆದುಕೊಳ್ಳಬಹುದು ಎಂದಿತು. ಬ್ರಯಾಂಟ್ ಮೇಲಿದ್ದುದು ಹೆಣ್ಣುಮಕ್ಕಳನ್ನು ಹೊಡೆದ ಸಾಲು ಸಾಲು ಪ್ರಕರಣ. ಅವನ ಪರ ವಾದಿಸಲು ನನಗೂ ಮನಸ್ಸಿಲ್ಲ. ಕೆಲವು ದಾಖಲೆ ಉಳಿಯಬೇಕು, ಹೊಡೆಸಿಕೊಂಡವರ ಸಲುವಾಗಿ. ಹಾಗಾದರೆ ಯಾವುದು ಉಳಿಯಬೇಕು, ಯಾವುದು ತೀರಬೇಕು ಎಂದು ಯಾರೋ ಕೂತು ಗೆರೆ ಎಳೆಯಬೇಕು. ನಮ್ಮಲ್ಲಿ ಆ ಗೆರೆ ಎಳೆಯುವ ಕೆಲಸ ಎಚ್‌ಆರ್ ಪಾಲಿಸಿಗೆ ಬಿಟ್ಟುಕೊಟ್ಟಿದ್ದೇವೆ.

ನಮ್ಮ ಕೋರ್ಟುಗಳು ಅಲ್ಲಲ್ಲಿ ದಾರಿ ತೋರಿಸಿವೆ. ದೆಹಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಸಂದೀಪ್ ಕುಮಾರ್ ಪ್ರಕರಣದಲ್ಲಿ, 2011ರಲ್ಲಿ, ಸುಪ್ರೀಂ ಕೋರ್ಟ್ ರೊಟ್ಟಿ ಕದ್ದು ಜೀವಮಾನವಿಡೀ ಕಳ್ಳನೆನಿಸಿಕೊಂಡ ವಿಕ್ಟರ್ ಹ್ಯೂಗೊನ ಜೀನ್ ವಾಲ್ಜೀನ್‌ನನ್ನು ನೆನೆದು ಅಭ್ಯರ್ಥಿಯ ಪರ ನಿಂತಿತು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ, ಎಳೆ ವಯಸ್ಸಿನ ಸಣ್ಣ ತಪ್ಪನ್ನು ಫಾರಂನಲ್ಲಿ ಹೇಳದಿದ್ದರೂ ಉದ್ಯೋಗದಾತ ಅದನ್ನು ಮನ್ನಿಸಬಹುದು ಎಂದಿತು. 'ಮನ್ನಿಸಬಹುದು' ಅಷ್ಟೇ, ಮನ್ನಿಸಲೇಬೇಕೆಂದಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ 2017ರಲ್ಲಿ ಒಬ್ಬ ತಂದೆಯ ಅರ್ಜಿಯ ಮೇಲೆ, ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ಹೇಳಿತ್ತು.

ಹೈದರಾಬಾದಿಗೂ ಈ ವಿಷಯ ಹೊಸದಲ್ಲ. 2007ರ ಮೆಕ್ಕಾ ಮಸೀದಿ ಸ್ಫೋಟದ ನಂತರ ಹಿಡಿದು, ತಪ್ಪಿಲ್ಲವೆಂದು ಬಿಟ್ಟ ಯುವಕರಿಗೆ ಕೆಲಸ, ಬಾಡಿಗೆ ಮನೆ ಏನೂ ಸಿಗದಾದಾಗ, ಆಗಿನ ಆಂಧ್ರ ಸರ್ಕಾರ 2012ರಲ್ಲಿ ಪರಿಹಾರದ ಜೊತೆಗೆ 'ನಡತೆ ಪ್ರಮಾಣಪತ್ರ' ಕೊಟ್ಟಿತು. ಪರಿಹಾರವನ್ನು ಮುಂದೆ ಹೈಕೋರ್ಟ್ ರದ್ದು ಮಾಡಿತು. ಆದರೆ ಬಿಡುಗಡೆಯಾದವನಿಗೇ ಅಂಥ ಚೀಟಿ ಬೇಕಾಯಿತು ಎಂದರೆ ದಂಡ ಕಟ್ಟಿದವನ ಗತಿ ಹೇಳಬೇಕೇ?

ವಕೀಲ ಗೆಳೆಯ ಹೇಳಿದ ಒಂದು ಮಾತು ಮಾತ್ರ ನನ್ನನ್ನು ಇಂದಿಗೂ ಚುಚ್ಚುತ್ತದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ಪ್ರೊಬೇಶನ್ ಕಾಯ್ದೆ, ಪುಸ್ತಕದಲ್ಲಿ ಇದ್ದೇ ಇದೆ. ಮೊದಲ ಸಲದ ಸಣ್ಣ ತಪ್ಪಾದರೆ 3ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ದಂಡ ಹಾಕದೆ ಬುದ್ಧಿ ಹೇಳಿ ಬಿಡಬಹುದು. ಹಾಗೆ ಬಿಟ್ಟರೆ 12ನೇ ಕಲಂ ಪ್ರಕಾರ ಆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆ ತಗಲುವುದಿಲ್ಲ. ಅದು ಎಲ್ಲವನ್ನೂ ಒರೆಸಿಬಿಡುವುದಿಲ್ಲ, ನಡತೆಯನ್ನು ಪ್ರತ್ಯೇಕವಾಗಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಕೈಯಲ್ಲಿ ಹಿಡಿಯಲು ಒಂದು ಕಾಗದವಾದರೂ ಇರುತ್ತಿತ್ತು. ಆ ದಿನ ಕೋರ್ಟಿನಲ್ಲಿ ಯಾರಾದರೂ ಎದ್ದು 'ಸ್ವಾಮಿ, ಮೊದಲ ತಪ್ಪು, ಓದುವ ಹುಡುಗರು, 3ನೇ ಕಲಂ ನೋಡಿ' ಎಂದು ಒಂದು ವಾಕ್ಯ ಹೇಳಬೇಕಿತ್ತು. ಏಳು ಜನರಲ್ಲಿ ಯಾರಿಗೂ ವಕೀಲನಿರಲಿಲ್ಲ. ಉಚಿತ ಕಾನೂನು ನೆರವಿನ ಕಚೇರಿ ಅದೇ ಆವರಣದಲ್ಲಿತ್ತಂತೆ, ಇವರು ಚಹಾ ಕುಡಿದದ್ದು ಅದರ ಎದುರಿನ ಅಂಗಡಿಯಲ್ಲಿ.

ಊರಲ್ಲಿ ತಮ್ಮಂದಿರು, ಅಣ್ಣನ ಮಕ್ಕಳು ಇರುವವರು ಈ 3ನೇ ಕಲಂ ಮಾತನ್ನು ಅವರ ಕಿವಿಗೆ ಹಾಕಿಡಿ. ಜಾತ್ರೆ, ಹಬ್ಬ, ಚುನಾವಣೆ ಮುಗಿದ ಮೇಲೆ ಇಂಥ ಕೇಸುಗಳು ಎಲ್ಲರ ಮನೆಗೂ ಬರುತ್ತವೆ, ತಾಂಡಾಕ್ಕೆ ಸ್ವಲ್ಪ ಬೇಗ ಬರುತ್ತವೆ. ನಿಮ್ಮ ಹೆಸರನ್ನೂ ಒಮ್ಮೆ ಇ-ಕೋರ್ಟ್ಸ್‌ನಲ್ಲಿ ಹುಡುಕಿ ನೋಡಿ. ನಾನು ಹುಡುಕಿದೆ. ನನ್ನ ಹೆಸರಿನ ಇಬ್ಬರು ಸಿಕ್ಕರು, ಒಬ್ಬನ ಮೇಲೆ ಚೆಕ್ ಬೌನ್ಸ್.

ಹುಡುಗ ಈಗಲೂ ಗುಜರಾತಿ ಗಲ್ಲಿಯಲ್ಲೇ ಇದ್ದಾನೆ. ಹೋದ ತಿಂಗಳು ಇನ್ನೊಂದು ಕಂಪನಿಯ ಆಫರ್ ಬಂತು, ಅದೇ ಫಾರಂ, ಅದೇ ಪ್ರಶ್ನೆ. ರಾತ್ರಿ ಹನ್ನೊಂದಕ್ಕೆ ನಮ್ಮ ಮನೆಗೆ ಬಂದ. 'ಅಣ್ಣಾ, ಏನಂತ ಹಾಕ್ಲಿ?' ಎಂದ. ಇಬ್ಬರೂ ಅಡುಗೆ ಮನೆಯ ಮೇಜಿನ ಮುಂದೆ ಕೂತು 'ಹೌದು' ಎಂದು ಟಿಕ್ ಮಾಡಿ, ಕೆಳಗಿನ ಡಬ್ಬಿಯಲ್ಲಿ ದೀಪಾವಳಿ, ಇಸ್ಪೀಟು, 87ನೇ ಕಲಂ, 200 ರೂಪಾಯಿ ಎಂದು ನಾಲ್ಕು ಸಾಲು ಬರೆದೆವು. ಕೋರ್ಟಿನಿಂದ ಆದೇಶದ ನಕಲು ತರಿಸಿದ್ದೆವು, ಅದನ್ನೂ ಅಪ್‌ಲೋಡ್ ಮಾಡಿದೆವು. ಸಬ್ಮಿಟ್ ಒತ್ತುವಾಗ ಅವನ ಕೈ ಸ್ವಲ್ಪ ನಡುಗುತ್ತಿತ್ತು. ಇದನ್ನು ಬರೆಯುವ ಹೊತ್ತಿಗೆ ಇಪ್ಪತ್ತೆರಡು ದಿನವಾಗಿದೆ, ಸ್ಟೇಟಸ್ ಇನ್ನೂ 'ಪರಿಶೀಲನೆಯಲ್ಲಿದೆ' ಎಂದೇ ತೋರಿಸುತ್ತಿದೆ. ಊರಿನಿಂದ ಮುತ್ಯಾ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಾರೆ, 'ಬೆಲ್ಲ ತರ್ಸ್ಲೇನು ತಮ್ಮಾ?'